ಬೀರುವಿನಲ್ಲಿರುವ ಪದವಿ

ಫೆಬ್ರವರಿ 9

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲ ಚೆನ್ನಾಗಿದ್ದೇವೆ. ಫೋನಿನಲ್ಲೇ ಹೇಳೋಣವೆಂದರೆ ಅಮ್ಮ ಸ್ಪೀಕರ್ ಹಾಕಿಕೊಂಡು ಮಧ್ಯದಲ್ಲಿ ಕೂತುಬಿಡುತ್ತಾಳೆ. ನಾನು ಒಂದು ಮಾತು ಆಡುವಷ್ಟರಲ್ಲಿ ಅವಳು ನಾಲ್ಕು ಆಡಿ, ನೀನು ಎಲ್ಲದಕ್ಕೂ ಹೂಂ ಅಂದು, ಫೋನ್ ಇಟ್ಟಾಗಿರುತ್ತದೆ. ಅದಕ್ಕೇ ಇದು. ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಹಾಕು.

ವಿಷಯ ಏನಪ್ಪಾ ಅಂದರೆ, ನನಗೆ ಬಿ.ಎಡ್. ಸೀಟು ಸಿಕ್ಕಿದೆ. ನೀನು ಓದಿದ ಕಾಲೇಜೇ. ನಗಬೇಡ. ಡಿಗ್ರಿ ಮುಗಿಸಿ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು ಹೊರುತ್ತಿರುವವನಿಗೆ ಯಾರು ಕೊಡುತ್ತಾರೆ ಅಂತ ನಾನೇ ಅಂದುಕೊಂಡಿದ್ದೆ, ಹಾಗಾಗಿ ಅರ್ಜಿ ಹಾಕಿದ್ದನ್ನು ಯಾರಿಗೂ ಹೇಳಿರಲಿಲ್ಲ. ಗಣಿತಕ್ಕೆ ಕೊಟ್ಟಿದ್ದಾರೆ. ಏಪ್ರಿಲ್ ಹತ್ತರೊಳಗೆ ಫೀಸು ಕಟ್ಟಬೇಕು. ಬ್ಯಾಂಕಿನವರು ಸಾಲ ಕೊಡುತ್ತಾರಂತೆ, ಆದರೆ ಸಂಬಳದ ಚೀಟಿ ಇರುವವರೊಬ್ಬರ ಜಾಮೀನು ಬೇಕಂತೆ. ನನ್ನ ಯಜಮಾನರು ಸಂಬಳ ಕೊಡುವುದು ಡ್ರಾಯರಿಗೆ ಕೈ ಹಾಕಿ, ಅದಕ್ಕೆ ಚೀಟಿಯೂ ಇಲ್ಲ, ಪಾಟಿಯೂ ಇಲ್ಲ. ನಮ್ಮ ಮನೆಯಲ್ಲಿ ಆ ಭಾಗ್ಯ ಇರುವವಳು ನೀನೊಬ್ಬಳೇ. ಜಾಮೀನಿನ ಕಾಗದ ಇದರ ಜೊತೆಗೇ ಇಟ್ಟಿದ್ದೇನೆ, ಸಹಿ ಹಾಕಿ ಕಳಿಸು.

ಇದ್ದಕ್ಕಿದ್ದ ಹಾಗೆ ಏನಿದು ಅಂತೀಯಾ? ಹೋದ ತಿಂಗಳು ಯಜಮಾನರ ಮಗಳು ಅಂಗಡಿಯಲ್ಲಿ ಕೂತು ಭಿನ್ನರಾಶಿ ಬರೋಲ್ಲ ಅಂತ ಅಳುತ್ತಿದ್ದಳು. ನಾನು ಒಂದು ಪೈಪು ತಗೊಂಡು ಅರ್ಧಕ್ಕೆ ಕತ್ತರಿಸಿದೆ, ಅದನ್ನು ಕಾಲಿಗೆ, ಅದನ್ನು ಅರೆಕಾಲಿಗೆ. ತುಂಡುಗಳನ್ನು ಕೌಂಟರಿನ ಮೇಲೆ ಜೋಡಿಸಿಟ್ಟು ಸುಮ್ಮನಾದೆ. ಅವಳೇ ಹಿಂದೆ ಮುಂದೆ ಸರಿಸಿ ನೋಡಿ, "ಅಯ್ಯೋ, ಇಷ್ಟೇನಾ!" ಅಂದಳು. ಒಳ್ಳೆ ಪೈಪು ಹಾಳು ಮಾಡಿದೆ ಅಂತ ಯಜಮಾನರು ಅದರ ಬೆಲೆಯನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು. ಮುರಿದುಕೊಳ್ಳಲಿ ಬಿಡು. ಆ "ಇಷ್ಟೇನಾ" ಕೇಳಿದ ಮೇಲೆ ನನಗೆ ಬೇರೆ ಕೆಲಸ ರುಚಿಸುತ್ತಿಲ್ಲ.

ಮುಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಒಳಗೆ ಏನೋ ಮಾಡ್ತಿದ್ದೀಯಾ ಅಂತ ಅಮ್ಮ ಆಗಲೇ ಎರಡು ಸಲ ಬಡಿದಳು. ಬೇಗ ಬರಿ.

ನಿನ್ನ ತಮ್ಮ


ಫೆಬ್ರವರಿ 16

ಮೊಳೆರಾಯರಿಗೆ,

ಸಹಿ ಹಾಕುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಉಳಿದದ್ದನ್ನು ನಿಧಾನವಾಗಿ ಓದು.

ಗಣಿತದವನಲ್ಲವೇ ನೀನು, ಲೆಕ್ಕ ತಗೋ. ನನ್ನ ಸಂಬಳವನ್ನು ಹತ್ತು ಪಾಲು ಮಾಡು. ನಾಲ್ಕು ಪಾಲು ಬ್ಯಾಂಕಿಗೆ, ನನ್ನ ಬಿ.ಎಡ್. ಸಾಲಕ್ಕೆ. ಅದೂ ಅರ್ಧ ಕಂತು ಮಾತ್ರ. ಉಳಿದರ್ಧವನ್ನು ಅಮ್ಮ ಮುಂದಿನ ಕೋಣೆಯ ಬಾಡಿಗೆಯಲ್ಲಿ ಕಟ್ಟುತ್ತಾಳೆ, ಇಲ್ಲದಿದ್ದರೆ ನಾನು ಯಾವತ್ತೋ ಮುಳುಗಿಹೋಗುತ್ತಿದ್ದೆ. ಮೂರು ಪಾಲು ಈ ಕೋಣೆಗೆ. ಎರಡು ಊಟಕ್ಕೆ. ಒಂದು ಬಸ್ಸಿಗೆ. ಹತ್ತು ಆಯಿತಲ್ಲ? ಈಗ ಸೋಪಿಗೆ, ಚಪ್ಪಲಿಗೆ, ಕೆಂಪು ಪೆನ್ನಿಗೆ ಎಲ್ಲಿಂದ ತರುತ್ತೀಯ, ತಾ ನೋಡೋಣ. ಇನ್ನೊಂದು ಮರೆತೆ. ಈ ಸಂಬಳ ಬರುವುದು ವರ್ಷಕ್ಕೆ ಹತ್ತೇ ತಿಂಗಳು. ರಜೆಯಲ್ಲಿ ಶಾಲೆಗೂ ರಜೆ, ಸಂಬಳಕ್ಕೂ ರಜೆ. ಬ್ಯಾಂಕಿಗೆ ಮಾತ್ರ ರಜೆಯಿಲ್ಲ. ಹೋದ ಬೇಸಗೆಯಲ್ಲಿ ಎರಡು ತಿಂಗಳು ಔಷಧಿ ಅಂಗಡಿಯಲ್ಲಿ ಬಿಲ್ ಬರೆದೆ. ಅಮ್ಮನಿಗೆ "ತರಬೇತಿ ಶಿಬಿರ" ಅಂದಿದ್ದೆ. ನೀನು ಬಾಯಿ ಬಿಡಬೇಡ.

ನಮ್ಮ ಶಾಲೆಯ ವ್ಯಾನ್ ಡ್ರೈವರಿಗೆ ನನಗಿಂತ ಜಾಸ್ತಿ ಸಂಬಳ. ಬಾಯಿ ತಡೆಯದೆ ಅವನನ್ನೇ ಕೇಳಿದೆ. ಪಾಪ, ಸಂಕೋಚದಿಂದ, "ಅದೂ ಮೇಡಂ, ನನ್ನ ಕೆಲಸಕ್ಕೆ ಲೈಸೆನ್ಸ್ ಬೇಕಲ್ಲ" ಅಂದ. ಹಾಗಾದರೆ ನಾನು ಸಾಲ ಮಾಡಿ ತಂದಿರುವುದು ಏನಪ್ಪಾ?

ಕಲಿಸುವುದಕ್ಕಾದರೂ ಬಿಟ್ಟಿದ್ದರೆ ಅದು ಬೇರೆ ಮಾತು. ಬೆಳಿಗ್ಗೆ ಗೇಟಿನ ಹತ್ತಿರ "ನಿಲ್ಲಿ" ಎಂಬ ಫಲಕ ಹಿಡಿದು ನಿಲ್ಲಬೇಕು. ಮಧ್ಯಾಹ್ನ ಫೀಸು ಕಟ್ಟದ ಮಕ್ಕಳ ಮನೆಗೆ ಫೋನ್ ಮಾಡಬೇಕು. ಸಂಜೆ ಹೊಸ ಮಕ್ಕಳನ್ನು ಸೇರಿಸುವುದಕ್ಕೆ ಬೀದಿ ಬೀದಿಯಲ್ಲಿ ಕರಪತ್ರ ಹಂಚಬೇಕು. ಏನಾದರೂ ಕೇಳಲು ಹೋದರೆ ನಮ್ಮ ದೊಡ್ಡ ಮೇಡಂ, ಅಂದರೆ ಶಾಲೆಯ ಒಡತಿ, "ಟೀಚಿಂಗ್ ಅಂದ್ರೆ ಸೇವೆ ಅಲ್ವೇನಮ್ಮಾ" ಅನ್ನುತ್ತಾರೆ. ಸೇವೆ ಮಾಡುತ್ತಿರುವವಳು ನಾನು, ಹೊಸ ಕಾರು ಬಂದಿರುವುದು ಅವರಿಗೆ. ಇಲ್ಲಿ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಕೆಳಗೆ ಗಾಳಿ ತುಂಬುವ ಸದ್ದು ಕೇಳುತ್ತಾ ಉತ್ತರಪತ್ರಿಕೆ ತಿದ್ದುವಾಗ ಮೂಗಿನ ತುಂಬಾ ರಬ್ಬರಿನ ವಾಸನೆ. ಇದನ್ನು ನೋಡಿಯೂ ನೀನು ಇದೇ ಬಾವಿಗೆ ಇಳಿಯುತ್ತೇನೆ ಅಂದರೆ, ಹಗ್ಗವನ್ನು ನಾನೇ ಕೈಗೆ ಕೊಡಬೇಕೇ?

ಪೈಪು ಕತ್ತರಿಸಿದ್ದು ಚೆನ್ನಾಗಿತ್ತು. ಅಷ್ಟಕ್ಕೇ ನಿಲ್ಲಿಸು.

ಅಕ್ಕ


ಫೆಬ್ರವರಿ 24

ಅಕ್ಕಾ,

ನಿನ್ನ ಕಾಗದವನ್ನು ಪೇಂಟ್ ಡಬ್ಬಗಳ ಸಂದಿಯಲ್ಲಿ ನಿಂತು ಓದಿದೆ. ಯಜಮಾನರು "ಯಾರಾದ್ರೂ ಹೋಗ್ಬಿಟ್ರೇನೋ?" ಅಂತ ಕೇಳಿದರು, ನನ್ನ ಮುಖ ಹಾಗಿತ್ತು.

ಡಿಗ್ರಿ ಮುಗಿದಾಗ ನಾನೂ ಬಿ.ಎಡ್. ಕೇಳಿದ್ದೆ, ನೆನಪಿದೆಯಾ? "ಒಂದೇ ಮನೇಲಿ ಎರಡು ಸಾಲ ಬೇಡಪ್ಪಾ, ಅಕ್ಕ ಒಂದು ದಡ ಸೇರ್ಲಿ, ಆಮೇಲೆ ನಿನ್ನ ಸರದಿ" ಅಂದಳು ಅಮ್ಮ. ಸರಿ ಅಂದೆ. ಕಾಯುವುದೇನು ದೊಡ್ಡ ವಿಷಯವಲ್ಲ. ಆದರೆ ನನ್ನ ಸರದಿ ಬಂದಾಗ ನೀನೇ ಬಂದು ಅಂಗಡಿ ಮುಚ್ಚಿದೆ ಅನ್ನುತ್ತೀಯಲ್ಲ, ಅದು ಹೇಗೆ?

ಮೊನ್ನೆ ಫೋನಿನಲ್ಲಿ ಸರ್ಕಾರಿ ಶಾಲೆಯ ಕಾಯಂ ಕೆಲಸಕ್ಕೆ ಸಂದರ್ಶನ ಬಂದಿದೆ ಅಂತ ಅಮ್ಮನಿಗೆ ಹೇಳಿದೆಯಂತೆ. ಅವಳು ಓಣಿಯಲ್ಲೆಲ್ಲ ಸಾರಿಕೊಂಡು ಬಂದಳು. ಕಾಯಂ ಆದರೆ ಸಂಬಳ ಇದರ ಎರಡರಷ್ಟಕ್ಕಿಂತ ಜಾಸ್ತಿ, ರಜೆಗೂ ಸಂಬಳ. ನನಗೆ ಬರೆದ ಲೆಕ್ಕದಲ್ಲಿ ಅದೊಂದು ಸಾಲೂ ಇರಲಿಲ್ಲ. ಹತ್ತಿದ ಏಣಿ ಒದೆಯುವುದು ಅಂದರೆ ಇದೇ ಅಲ್ಲವೇ? ಕಟುವಾಯಿತು ಅನಿಸಿದರೆ ಅನಿಸಲಿ, ನನಗೂ ನಿನ್ನ ಕಾಗದ ಹಾಗೇ ಅನಿಸಿತು.

ಸಹಿ ಬೇಕು. ಕೇಳುತ್ತಲೇ ಇರುತ್ತೇನೆ.

ತಮ್ಮ


ಮಾರ್ಚ್ 3

ತಮ್ಮಾ,

ಸಂದರ್ಶನ ಇರುವುದು ನಿಜ. ಮಾರ್ಚ್ ಇಪ್ಪತ್ತಕ್ಕೆ. ಅದರ ಬಗ್ಗೆ ಈಗ ಮಾತು ಬೇಡ. ಅದಕ್ಕೂ ನಿನ್ನ ಸಾಲಕ್ಕೂ ಸಂಬಂಧವಿಲ್ಲ. ಏಣಿ ಒದೆಯುವವಳು ಅಂದೆಯಲ್ಲ, ಆಗಲಿ. ಹತ್ತಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ.

ಒಂದು ವಿಷಯ. ನಿನ್ನ ಮೊದಲ ಕಾಗದವನ್ನು ಮತ್ತೆ ಓದಿದೆ. ಮುಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬರೆದೆ ಅಂದಿದ್ದೀಯ. ಅಲ್ಲಿ ಟೈಲರ್ ಗಂಡ ಹೆಂಡತಿ ಬಾಡಿಗೆಗೆ ಇದ್ದಾರಲ್ಲ? ಅವರನ್ನು ಎಲ್ಲಿ ಕೂರಿಸಿದ್ದೆ?

ಅಕ್ಕ


ಮಾರ್ಚ್ 9

ಅಕ್ಕಾ,

ಎಷ್ಟು ಚೂಪು ಕಣ್ಣು ನಿನ್ನದು! ಅವತ್ತು ಟೈಲರ್ ಮನೆಯವರು ನೆಂಟರ ಮದುವೆಗೆ ಹೋಗಿದ್ದರು, ಕೀಲಿ ನಮ್ಮ ಹತ್ತಿರ ಕೊಟ್ಟಿದ್ದರು. ಅಷ್ಟೇ.

ಇಲ್ಲಿ ಹೊಸದೇನಿಲ್ಲ. ಅಮ್ಮ ನಿನ್ನ ಸಂದರ್ಶನಕ್ಕೆ ಅಂತ ತನ್ನ ಒಳ್ಳೆ ಸೀರೆಯನ್ನು ಇಸ್ತ್ರಿ ಮಾಡಿಸಿ ಕಳಿಸುತ್ತಾಳಂತೆ. ನೀನು ಉಡುವುದಿಲ್ಲ ಅಂತ ಎಷ್ಟು ಹೇಳಿದರೂ ಕೇಳುತ್ತಿಲ್ಲ. ನನಗೆ ಭುಜ ಸ್ವಲ್ಪ ಹಿಡಿದುಕೊಂಡಿದೆ, ಕಬ್ಬಿಣದ ಪೈಪಿನ ಲೋಡು ಬಂದಿತ್ತು. ಕಾಲೇಜಿನಿಂದ ನೆನಪಿನ ಕಾಗದ ಬಂತು. ಏಪ್ರಿಲ್ ಹತ್ತು ದಾಟಿದರೆ ಸೀಟು ಕಾಯುವ ಪಟ್ಟಿಯವರಿಗೆ ಹೋಗುತ್ತದಂತೆ. ನಿನ್ನ ಸಂದರ್ಶನ ಮುಗಿಯಲಿ, ಮನಸ್ಸು ತಣ್ಣಗಾಗಲಿ, ಆಮೇಲೆ ಸಹಿ ಹಾಕು.

ಹೋಗಿ ಗೆದ್ದುಕೊಂಡು ಬಾ.

ತಮ್ಮ


ಮಾರ್ಚ್ 22

ತಮ್ಮಾ,

ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. "ಚೆನ್ನಾಗಾಯ್ತು" ಅಂತ ಒಂದು ಮಾತು ಹೇಳಿ ಫೋನ್ ಇಟ್ಟುಬಿಟ್ಟೆ. ಚೆನ್ನಾಗಿ ಆಗಲಿಲ್ಲ. ಆಗಲೇ ಇಲ್ಲ.

ನಿನಗೆ ಹೇಳದೆ ಇಟ್ಟುಕೊಂಡಿದ್ದನ್ನು ಈಗ ಹೇಳುತ್ತೇನೆ. ಈ ಶಾಲೆಗೆ ಸೇರಿದ ದಿನ ನನ್ನ ಬಿ.ಎಡ್. ಸರ್ಟಿಫಿಕೇಟಿನ ಒರಿಜಿನಲ್ಲನ್ನು "ನೋಡಿ ಕೊಡ್ತೀವಿ" ಅಂತ ಇಸಿದುಕೊಂಡರು. ಇವತ್ತಿನವರೆಗೂ ನೋಡುತ್ತಲೇ ಇದ್ದಾರೆ. ನನ್ನದೊಂದೇ ಅಲ್ಲ, ಇಲ್ಲಿರುವ ಎಲ್ಲ ಟೀಚರುಗಳದ್ದೂ ದೊಡ್ಡ ಮೇಡಂ ಕೋಣೆಯ ಕಬ್ಬಿಣದ ಬೀರುವಿನಲ್ಲಿದೆ. ವರ್ಷದ ಮಧ್ಯೆ ಯಾರೂ ಬೇರೆ ಕಡೆ ಹಾರಬಾರದಲ್ಲ, ಅದಕ್ಕೆ ಈ ಉಪಾಯ. ಹಸುವಿಗೆ ಗೂಟ ಇದ್ದ ಹಾಗೆ. ಸಾಲ ನನ್ನ ಹೆಸರಿನಲ್ಲಿ, ಕಾಗದ ಅವರ ಬೀರುವಿನಲ್ಲಿ. ಇದನ್ನು ಯಾವ ಬಾಯಿಂದ ನಿನಗೆ ಬರೆಯಲಿ? ಅವಮಾನವಾಗಿತ್ತು ಕಣೋ.

ಸಂದರ್ಶನಕ್ಕೆ ಒರಿಜಿನಲ್ ಬೇಕು ಅಂತ ಮೂರು ಸಲ ಕೇಳಿದೆ. ಮೊದಲನೇ ಸಲ "ಕೀಲಿ ಮನೇಲಿದೆ" ಅಂದರು. ಎರಡನೇ ಸಲ ಕೀಲಿ ಅವರ ಮೇಜಿನ ಮೇಲೇ ಇತ್ತು, ಆಗ "ಪರೀಕ್ಷೆ ಮುಗೀಲಿ" ಅಂದರು. ಮೂರನೇ ಸಲ ಹೋದಾಗ ಮಾತ್ರ ನಕ್ಕು, "ಇಲ್ಲಿ ಭದ್ರವಾಗಿದೆ ಕಣಮ್ಮಾ, ಕಳೆದುಹೋಗೋ ಭಯ ಇಲ್ಲ. ನಿಮ್ಮ ರೂಮಿನಲ್ಲಿಟ್ಟರೆ ಇಲಿ ತಿಂದೀತು" ಅಂದರು. ನನ್ನ ಮೈ ಉರಿದುಹೋಯಿತು. ಆದರೆ "ಸರಿ ಮೇಡಂ" ಅಂದು ಹೊರಗೆ ಬಂದೆ. ಆ "ಸರಿ ಮೇಡಂ" ಅಂದಿದ್ದಕ್ಕೆ ನನ್ನ ನಾಲಿಗೆ ಕಚ್ಚಿಕೊಳ್ಳಬೇಕು ಅನಿಸುತ್ತಿದೆ.

ಜೆರಾಕ್ಸ್ ಹಿಡಿದುಕೊಂಡು ಸಂದರ್ಶನಕ್ಕೆ ಹೋದೆ. ಅಮ್ಮನ ಸೀರೆಯನ್ನೇ ಉಟ್ಟಿದ್ದೆ, ಅವಳಿಗೆ ಹೇಳು. ಪಾಠ ಮಾಡಿ ತೋರಿಸಿ ಅಂದರು, ಮಾಡಿದೆ. ಅಲ್ಲಿದ್ದ ಹೆಂಗಸು ತಲೆ ಆಡಿಸುತ್ತಾ ಬರೆದುಕೊಂಡರು, ಕಣ್ಣಾರೆ ನೋಡಿದೆ. ಆಮೇಲೆ ಕಾಗದಪತ್ರದ ಮೇಜು. "ಮೂಲ ಪ್ರತಿ ಎಲ್ಲಿ?" ಅಂದ ಆ ಮನುಷ್ಯ. ಶಾಲೆಯಲ್ಲಿದೆ ಅಂದೆ. "ಅಲ್ಲಿ ಯಾಕಿದೆ?" ಅಂದ. ಜೆರಾಕ್ಸನ್ನೇ ಅವನ ಮುಂದೆ ಸರಿಸಿದೆ. "ಇವತ್ತು ಕೊನೇ ದಿನ ಅಮ್ಮಾ. ಮುಂದಿನವರು ಬನ್ನಿ" ಅಂದ. ಅವನದ್ದೇನೂ ತಪ್ಪಿಲ್ಲ.

ಈಗಲಾದರೂ ತಿಳಿಯಿತೇ ನಾನು ಯಾಕೆ ಬೇಡ ಅಂದೆ ಅಂತ? ಬುದ್ಧಿ ಇರುವ ಯಾರೂ ಆ ಕಾಗದಕ್ಕಾಗಿ ಬೆವರು ಸುರಿಸುವುದಿಲ್ಲ. ನನಗೆ ಸಾಕಾಗಿದೆ. ಮುಂದಿನ ತಿಂಗಳಿಂದ ಕಂತು ಕಟ್ಟುವುದಿಲ್ಲ, ಬ್ಯಾಂಕಿನವರು ಏನು ಬೇಕಾದರೂ ಮಾಡಿಕೊಳ್ಳಲಿ. ಅಮ್ಮನಿಗೂ ಹೇಳಿಬಿಡು, ಇನ್ನು ಬಾಡಿಗೆ ದುಡ್ಡನ್ನು ಆ ಗುಂಡಿಗೆ ಸುರಿಯಬೇಡ, ಮೊದಲು ಆ ನೋಯುವ ಮೊಣಕಾಲನ್ನು ಡಾಕ್ಟರಿಗೆ ತೋರಿಸಿಕೊ ಅಂತ. ಅದು ದುಡ್ಡು ದಂಡ, ಜೀವ ದಂಡ, ಎಲ್ಲ ದಂಡ.

ಅಕ್ಕ


ಮಾರ್ಚ್ 26

ಅಕ್ಕಾ,

ಬಾಡಿಗೆ ಇಲ್ಲ.

ಟೈಲರ್ ಮನೆಯವರು ಖಾಲಿ ಮಾಡಿ ಎರಡು ವರ್ಷವಾಯಿತು. ಆಮೇಲೆ ಯಾರೂ ಬರಲಿಲ್ಲ, ಗೋಡೆಯಲ್ಲಿ ನೀರು ಜಿನುಗುತ್ತದೆ ಅಂತ ನೋಡಿದವರೆಲ್ಲ ಮೂಗು ಮುರಿದು ಹೋದರು. ಈಗ ಅಲ್ಲಿ ನಾನು ಮಲಗುತ್ತೇನೆ. ನೀನು ಹಬ್ಬಕ್ಕೆ ಬಂದಾಗಲೆಲ್ಲ ಆ ಬಾಗಿಲಿಗೆ ಬೀಗ ಹಾಕಿ, ಅವರೂ ಹಬ್ಬಕ್ಕೆ ಊರಿಗೆ ಹೋಗಿದ್ದಾರೆ ಅನ್ನುತ್ತಿದ್ದೆವು. ನಿನ್ನ ಕಂತಿನ ಉಳಿದರ್ಧ ಎರಡು ವರ್ಷದಿಂದ ನನ್ನ ಪೈಪಿನ ಸಂಬಳದಿಂದ ಹೋಗುತ್ತಿದೆ. "ಅವಳಿಗೆ ಹೇಳ್ಬೇಡ, ಅಲ್ಲಿ ಒಬ್ಬಳೇ ಇದ್ದಾಳೆ, ಊಟ ಬಿಟ್ಟು ಪೂರ್ತಿ ಕಟ್ತಾಳೆ" ಅಂತ ಅಮ್ಮ ನನ್ನ ಬಾಯಿಗೆ ಬೀಗ ಹಾಕಿದ್ದಳು. ಮದುವೆ, ಕೀಲಿ, ಎಲ್ಲ ನಾನು ಕಟ್ಟಿದ ಕಥೆ.

ಇದನ್ನು ಯಾವತ್ತೂ ಹೇಳಬಾರದು ಅಂದುಕೊಂಡಿದ್ದೆ. ಆದರೆ ಬುದ್ಧಿ ಇರುವ ಯಾರೂ ಅದಕ್ಕಾಗಿ ಬೆವರು ಸುರಿಸುವುದಿಲ್ಲ ಅಂದೆಯಲ್ಲ, ಅದನ್ನು ಓದಿ ಗೋದಾಮಿನಲ್ಲಿ ಕೂತುಬಿಟ್ಟೆ. ಸುರಿಸಿದ್ದೇನೆ ಕಣೇ ಅಕ್ಕ. ಬಕೆಟ್‌ಗಟ್ಟಲೆ ಸುರಿಸಿದ್ದೇನೆ. ಪೈಪು ಹೊರುವಾಗ ಭುಜ ನೊಂದರೆ, ನೋಯಲಿ, ಅಲ್ಲಿ ಅಕ್ಕ ಪಾಠ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದೆ. ಅಲ್ಲಿ ನೋಡಿದರೆ ನೀನು ಫಲಕ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದೀಯ, ಸರ್ಟಿಫಿಕೇಟು ಬೀರುವಿನಲ್ಲಿ ಕೊಳೆಯುತ್ತಿದೆ, ನೀನು "ಸರಿ ಮೇಡಂ" ಅಂದು ಹೊರಗೆ ಬರುತ್ತಿದ್ದೀಯ!

ಸಹಿ ಹಾಕದಿದ್ದರೆ ಬೇಡ. ಆದರೆ ಆ ಸರ್ಟಿಫಿಕೇಟು ನಿನ್ನೊಬ್ಬಳದ್ದಲ್ಲ. ಅರ್ಧ ನನ್ನದು. ನನ್ನ ಅರ್ಧ ನನಗೆ ಬೇಕು. ಹೋಗಿ ಇಸಿದುಕೊಂಡು ಬಾ.

ತಮ್ಮ


ಏಪ್ರಿಲ್ 3

ನನ್ನ ತಮ್ಮನಿಗೆ,

ನಿನ್ನ ಕಾಗದ ಬಂದ ದಿನ ಕೆಳಗಿನ ಟೈರ್ ಅಂಗಡಿಯವನು ಬಂದು ಬಾಗಿಲು ತಟ್ಟಿ, "ಏನಮ್ಮಾ, ಹುಷಾರಿಲ್ವಾ?" ಅಂದ. ಅಷ್ಟು ಜೋರಾಗಿ ಅತ್ತಿದ್ದೆ ಅನಿಸುತ್ತದೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ನಿನ್ನ ಮೇಲೆ, ಅಮ್ಮನ ಮೇಲೆ ಸಿಟ್ಟೂ ಬಂತು. ಎರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದಿರಲ್ಲ! ಅದರ ಜಗಳ ಊರಿಗೆ ಬಂದ ಮೇಲೆ ಇಟ್ಟುಕೊಳ್ಳುತ್ತೇನೆ.

ಈಗ ನಡೆದದ್ದು ಕೇಳು. ನಮ್ಮಲ್ಲಿ ಕೊನೆಯ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮನೆಗೆ ತಂದು ತಿದ್ದುತ್ತೇವೆ. ಮೊನ್ನೆ ಫಲಿತಾಂಶದ ದಿನ. ಅಪ್ಪ ಅಮ್ಮಂದಿರು ಅಂಗಳದಲ್ಲಿ ಕೂತಿದ್ದಾರೆ, ಎಲ್ಲ ಕ್ಲಾಸಿನ ಕಟ್ಟೂ ಬಂದಿದೆ, ನನ್ನದೊಂದು ಬಂದಿಲ್ಲ. ದೊಡ್ಡ ಮೇಡಂ ಕರೆಸಿದರು. ಕೈ ಬೀಸಿಕೊಂಡು ಹೋಗಿ ಬೀರುವಿನ ಎದುರಿನ ಕುರ್ಚಿಯಲ್ಲಿ ಕೂತೆ. ಅಲ್ಲಿ ನಮ್ಮನ್ನು ಯಾರೂ ಕೂರಿಸುವುದಿಲ್ಲ, ನಾನೇ ಕೂತೆ.

"ಪೇಪರ್ ಎಲ್ಲಮ್ಮಾ?" ಅಂದರು.

"ಭದ್ರವಾಗಿವೆ ಮೇಡಂ. ಕಳೆದುಹೋಗೋ ಭಯ ಇಲ್ಲ" ಅಂದೆ.

ಅವರ ಮುಖ ನೋಡಬೇಕಿತ್ತು ನೀನು! "ಇದೇನು ಬ್ಲಾಕ್‌ಮೇಲಾ? ಮಕ್ಕಳ ಭವಿಷ್ಯ..." ಅಂತ ಶುರು ಮಾಡಿದರು. "ಮಕ್ಕಳದ್ದು ನೀವು ಯೋಚನೆ ಮಾಡ್ಬೇಡಿ, ಒಂದೊಂದು ಅಂಕನೂ ತಿದ್ದಿಟ್ಟಿದ್ದೀನಿ. ನನ್ನ ಸರ್ಟಿಫಿಕೇಟ್ ಕೊಡಿ. ಅದು ನನ್ನೊಬ್ಬಳದ್ದಲ್ಲ, ಅರ್ಧ ನನ್ನ ತಮ್ಮಂದು. ಅವನು ಕೇಳ್ತಿದ್ದಾನೆ" ಅಂದೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗೆ ಯಾರೋ ತಂದೆ ಗಲಾಟೆ ಶುರು ಮಾಡಿದರು. ಮೇಡಂ ಎದ್ದು, ಕೀಲಿ ತಿರುಗಿಸಿ, ಕಾಗದವನ್ನು ಮೇಜಿನ ಮೇಲೆ ಎಸೆದು, "ನಾಳೆಯಿಂದ ಬರೋದು ಬೇಡ. ಈ ತಿಂಗಳ ಸಂಬಳನೂ ಕೇಳ್ಬೇಡ" ಅಂದರು. ಪತ್ರಿಕೆಯ ಕಟ್ಟು ವ್ಯಾನ್ ಡ್ರೈವರಿನ ಸೀಟಿನ ಕೆಳಗಿತ್ತು. ಅವನೇ ತಂದುಕೊಟ್ಟ. ನಾನು ಹೊರಡುವಾಗ ಹಾರ್ನ್ ಬೇರೆ ಹೊಡೆದ.

ಲೆಕ್ಕವನ್ನು ಮತ್ತೆ ಹಾಕಿದೆ ತಮ್ಮಾ. ಹೇಗೆ ಹಾಕಿದರೂ ನಷ್ಟವೇ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಹಳೆಯ ಲೆಕ್ಕದಲ್ಲಿ ನಿನ್ನ ಎರಡು ವರ್ಷ ಎಲ್ಲೂ ಇರಲಿಲ್ಲ. ಒಂದು ಮಗು ಹಾಗೆ ಅರ್ಧ ಬಿಟ್ಟು ಲೆಕ್ಕ ಮಾಡಿ ತಂದಿದ್ದರೆ ಉದ್ದಕ್ಕೂ ಕೆಂಪು ಗೆರೆ ಎಳೆಯುತ್ತಿದ್ದೆ. ಇಷ್ಟು ವರ್ಷ ನಿನ್ನ ಸರದಿಯನ್ನು ನಾನು ತಿಂದಿದ್ದೇನೆ, ಇನ್ನು ನಿನಗೆ ಬೇಡ ಅನ್ನುವುದಕ್ಕೆ ನಾನು ಯಾರು?

ಜಾಮೀನಿನ ಕಾಗದಕ್ಕೆ ಸಹಿ ಹಾಕಿದ್ದೇನೆ. ಮೂರು ತಿಂಗಳ ಸಂಬಳದ ಚೀಟಿಗಳೂ ಒಳಗಿವೆ. ತಾರೀಕು ಮೀರುವ ಮೊದಲು ಓಡು. ಒಂದೇ ಷರತ್ತು. ನಾಳೆ ನಿನ್ನ ಒರಿಜಿನಲ್ ಕೈಗೆ ಬಂದರೆ, ಯಾವ ದೊಡ್ಡ ಮೇಡಂ ಎಷ್ಟು ಸಿಹಿಯಾಗಿ ಕೇಳಿದರೂ ಕೊಡಬೇಡ.

ನಿನ್ನ ಅಕ್ಕ


ಏಪ್ರಿಲ್ 11

ಅಕ್ಕಾ,

ಕಾಗದ ಎಂಟಕ್ಕೆ ಕೈ ಸೇರಿತು. ಅರ್ಧ ದಿನ ರಜೆ ಹಾಕಿ, ತಲೆ ಬಾಚಿಕೊಂಡು ಬ್ಯಾಂಕಿಗೆ ಹೋದೆ. ಅಲ್ಲಿಯ ಗುಮಾಸ್ತರು ಒಳ್ಳೆಯವರು, ನಿನ್ನ ಚೀಟಿಗಳನ್ನು ನೋಡಿ "ಎಲ್ಲಾ ಸರಿ ಇದೆಯಲ್ಲ" ಅಂದರು. ನನಗೆ ಆಗಲೇ ಕಾಲೇಜಿನ ಮೆಟ್ಟಿಲು ಹತ್ತಿದ ಹಾಗಾಯಿತು. ಆಮೇಲೆ, "ಒಂದ್ನಿಮಿಷ, ಕೆಲಸದಲ್ಲಿದ್ದಾರೆ ಅಂತ ಒಂದು ಮಾತು ಕೇಳ್ಬೇಕು" ಅಂತ ನಿನ್ನ ಶಾಲೆಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರು.

ನಿನ್ನ ದೊಡ್ಡ ಮೇಡಂ ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಮೆತ್ತಗಿದೆ. "ಅವರು ಈಗ ನಮ್ಮಲ್ಲಿ ಕೆಲಸದಲ್ಲಿ ಇಲ್ಲ" ಅಂದರು. ಅದೂ ನಿಜವೇ ತಾನೆ.

ಗುಮಾಸ್ತರು ಕಾಗದಗಳನ್ನು ಜೋಡಿಸಿ ನನ್ನ ಕೈಗೆ ವಾಪಸು ಇಟ್ಟರು. ಒಂಬತ್ತಕ್ಕೆ ಯಜಮಾನರನ್ನು ಕೇಳಿದೆ, ಡ್ರಾಯರಿನ ಸಂಬಳಕ್ಕೆ ಚೀಟಿ ಬರೆದುಕೊಡಿ ಅಂತ. ತೆರಿಗೆಯವರು ಹಿಡಿಯುತ್ತಾರೆ ಅಂದರು. ಹತ್ತಕ್ಕೆ ಸಂಜೆ ಕಾಲೇಜಿನ ಕೌಂಟರ್ ಮುಚ್ಚುವವರೆಗೂ ಗೇಟಿನ ಹತ್ತಿರ ನಿಂತಿದ್ದೆ. ಯಾಕೆ ನಿಂತಿದ್ದೆ ಅಂತ ಕೇಳಬೇಡ. ಸೀಟು ಹೋಯಿತು ಅಕ್ಕಾ.

ಸಿಟ್ಟು ಬಂದಿದೆ. ಯಾರ ಮೇಲೆ ಅಂತಲೇ ತಿಳಿಯುತ್ತಿಲ್ಲ, ಅದಕ್ಕೆ ಇನ್ನೂ ಸಿಟ್ಟು. ನಾನೇ ಹೋಗಿ ಇಸಿದುಕೊಂಡು ಬಾ ಅಂದೆ, ನೀನು ಇಸಿದುಕೊಂಡೆ, ಅದಕ್ಕೆ ನಿನ್ನ ಕೆಲಸ ಹೋಯಿತು, ಅದಕ್ಕೆ ನನ್ನ ಸೀಟು ಹೋಯಿತು. ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ಮುಂದಿನ ಕೋಣೆ ಗುಡಿಸಿ, ನನ್ನ ಹಾಸಿಗೆಯನ್ನು ನಡುಮನೆಗೆ ಎಸೆದಳು. ಆ ಕೋಣೆ ಇನ್ನು ನಿನಗಂತೆ.

ಕಂತು ಮುಂದಿನ ತಿಂಗಳೂ ಬರುತ್ತದೆ, ಅದನ್ನು ಇಬ್ಬರೂ ಸೇರಿ ನೋಡೋಣ. ಅರ್ಜಿ ಮುಂದಿನ ವರ್ಷವೂ ಹಾಕುತ್ತೇನೆ, ನೀನು ಬೇಡ ಅಂದರೂ ಸರಿ. ಈಗ ನೀನು ಮನೆಗೆ ಬಾ.

ಬಸ್ಸಿನಲ್ಲಿ ಬರುವಾಗ ಸರ್ಟಿಫಿಕೇಟನ್ನು ಮಡಚಿ ಬ್ಯಾಗಿಗೆ ತುರುಕಬೇಡ. ಎರಡು ರಟ್ಟಿನ ನಡುವೆ ಇಟ್ಟು ತೊಡೆಯ ಮೇಲಿಟ್ಟುಕೊಂಡು ಬಾ. ನಿನ್ನ ಅರ್ಧ ಏನಾದರೂ ಮಾಡಿಕೋ. ನನ್ನ ಅರ್ಧ ಸುಕ್ಕಾಗಬಾರದು.

ತಮ್ಮ